ಪೇಟೆಗೆ ಬಂದವರ ಮಧ್ಯಾಹ್ನದ ಊಟ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದ ಅಡಿಕೆ ಮಾರಾಟ ಸಹಕಾರಿ ಸಂಘಗಳ ಸದಸ್ಯರಿಗೆ,

ಮುಂದಿನ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ನೀವು ಒಂದು ವಿಷಯವನ್ನು ಎತ್ತಬೇಕೆಂದು ಕೇಳಲು ಈ ಪತ್ರ. ನಿಮ್ಮ ಸಂಘಗಳು ಈ ಮೂರು ಪೇಟೆಗಳಲ್ಲಿ ತಲಾ ಒಂದು ಊಟದ ಮನೆ ನಡೆಸಬೇಕು. ಸಂಘದ ಸದಸ್ಯ, ಅವನ ತೋಟದಲ್ಲಿ ಕೊನೆ ಕೊಯ್ಯುವವನು, ಇಬ್ಬರಿಗೂ ಪರಿಚಯವಿಲ್ಲದ ಮೂರನೆಯವನು, ಎಲ್ಲರೂ ಅಲ್ಲಿ ಒಂದೇ ಬೆಲೆಗೆ ಉಣ್ಣುವಂತಿರಬೇಕು. ಆ ಬೆಲೆ ಕಡಿಮೆಯಿರಬೇಕು, ಆದರೆ ಅದು ದಾನವಾಗಿರಬಾರದು. ವ್ಯಾಪಾರದಂಗಳದ ಒಳಗೆ ಮಾಲು ತಂದವರಿಗೆಂದು ಚಹಾ-ತಿಂಡಿಯ ಕಟ್ಟೆ ಇರುವುದು ಬೇರೆ, ಬಸ್ ನಿಲ್ದಾಣದಿಂದ ನಡೆದು ಬರುವ ಯಾರಿಗೂ ಬಾಗಿಲು ತೆರೆದ ಊಟದ ಮನೆ ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ಮೊದಲು ಹಸಿವು ಯಾರದ್ದು ಎಂದು ನೋಡೋಣ. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಊರು ಎಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ. ತೋಟದ ತಲೆಯಲ್ಲೊಂದು, ಸೊಪ್ಪಿನ ಬೆಟ್ಟದ ಬುಡದಲ್ಲೊಂದು ಮನೆ, ನಡುವೆ ಕಾಡು. ಒಳಊರುಗಳಿಗೆ ಬಸ್ಸು ಬೆಳಿಗ್ಗೆ ಹೋದರೆ ಮತ್ತೆ ಸಂಜೆಯೇ. ಹಾಗಾಗಿ ತಹಶೀಲ್ದಾರ ಕಚೇರಿಯಲ್ಲಿ ಹತ್ತು ನಿಮಿಷದ ಕೆಲಸವಿದ್ದವರೂ ಮಧ್ಯಾಹ್ನವನ್ನು ಪೇಟೆಯಲ್ಲೇ ಕಳೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಡತದ ಹಿಂದೆ ಅಲೆಯುವವರು, ಕೋರ್ಟಿನ ತಾರೀಖಿಗೆ ಬಂದವರು, ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು, ಬಸ್ ಪಾಸಿನ ಮೇಲೆ ಕಾಲೇಜಿಗೆ ಬರುವ ಮಕ್ಕಳು, ನಿಮ್ಮದೇ ಅಂಗಳದಲ್ಲಿ ಚೀಲ ಹೊರುವ ಹಮಾಲರು ಎಲ್ಲರಿಗೂ ಒಂದು ಗಂಟೆಯ ಹೊತ್ತಿಗೆ ಒಂದೇ ಸಮಸ್ಯೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಖರ್ಚು ಹೋಯಿತು. ಅಲ್ಲಿಂದೀಚೆಗೆ ಪೇಟೆಗೆ ಬರುವ ಹೆಂಗಸಿನ ಪಾಲಿಗೆ ದೊಡ್ಡ ಖರ್ಚು ಊಟವೇ. ಖರ್ಚನ್ನು ಉಳಿಸುವ ಉಪಾಯವೂ ಅವಳಿಗೆ ಗೊತ್ತು: ಉಣ್ಣದೆ ಇರುವುದು, ಇಲ್ಲವೆ ಒಂದು ಚಹಾಕ್ಕೆ ಬನ್ನು ಅದ್ದಿ ತಿಂದು ಸಂಜೆಯ ಬಸ್ಸಿಗೆ ಕಾಯುವುದು. 2025-26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಹೋಟೆಲಿನ ಸಾದಾ ಊಟ ನೂರರ ನೋಟಿನ ಬಹುಪಾಲನ್ನು ನುಂಗುವಾಗ ಒಂದು ಹೊತ್ತಿನ ಊಟಕ್ಕೆ ಹತ್ತಿರ ಹತ್ತಿರ ಕಾಲು ದಿನದ ದುಡಿಮೆ ಹೋಯಿತು.

ದೊಡ್ಡ ಊರುಗಳು ಈ ಪ್ರಶ್ನೆಗೆ ಹೇಗೆ ಉತ್ತರ ಕಂಡುಕೊಂಡವು ಎಂಬುದು ನಮಗೆ ಗೊತ್ತಿರಬೇಕು. ನಮ್ಮ ಮೂರು ತಾಲ್ಲೂಕುಗಳ ಹುಡುಗ-ಹುಡುಗಿಯರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ ಆ ಉತ್ತರವನ್ನೇ ದಿನಾ ತಿಂದು ಬದುಕುತ್ತಿದ್ದಾರೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರುಮಾಡಿದಾಗ ಹೊಸದಾಗಿದ್ದುದು ಇಡ್ಲಿಯಲ್ಲ, ಲೆಕ್ಕಾಚಾರ. ಕುರ್ಚಿ ತೆಗೆದರು, ಮಾಣಿಯನ್ನು ತೆಗೆದರು, ತಿನ್ನುವವರನ್ನು ನಿಲ್ಲಿಸಿದರು. ಕೂತು ತಿನ್ನುವವನು ಅರ್ಧ ಗಂಟೆ ಹಿಡಿಯುವ ಜಾಗದಲ್ಲಿ ನಿಂತವರು ನಾಲ್ಕೈದು ಮಂದಿ ತಿಂದು ಹೋಗುತ್ತಾರೆ. ಬಾಡಿಗೆ ಅಷ್ಟೇ ಇದ್ದರೂ ಒಂದೊಂದು ತಟ್ಟೆಯ ತಲೆಯ ಮೇಲೆ ಬೀಳುವ ಬಾಡಿಗೆ ಇಳಿಯುತ್ತದೆ. ದರ್ಶಿನಿ ಅಗ್ಗವಾದದ್ದು ಮಾಲೀಕನ ಔದಾರ್ಯದಿಂದಲ್ಲ, ಎದುರಿನ ರಸ್ತೆಯ ಜನಜಂಗುಳಿಯಿಂದ. ಅದಕ್ಕೇ ಅದು ಶಿರಸಿಗೆ ಹಾಗೆಹಾಗೆಯೇ ಬರುವುದಿಲ್ಲ, ಸಿದ್ದಾಪುರಕ್ಕಂತೂ ಇಲ್ಲವೇ ಇಲ್ಲ. ಬೆಳಗಿನ ಏಳರಿಂದ ರಾತ್ರಿಯ ಹತ್ತರವರೆಗೆ ಬಿಡುವಿಲ್ಲದೆ ಬರುವ ಗಿರಾಕಿ ಇಲ್ಲಿಲ್ಲ. ಇಲ್ಲಿರುವುದು ಮಧ್ಯಾಹ್ನದ ಎರಡು ತಾಸಿನ ನೂಕುನುಗ್ಗಲು, ಆಮೇಲೆ ನೊಣ ಹೊಡೆಯುವ ಹೊತ್ತು. ಜೊತೆಗೆ, ಐದು ಕಿಲೋಮೀಟರ್ ನಡೆದು ಬಸ್ಸು ಹಿಡಿದ ಮುದುಕಿಗೆ ನಿಂತು ಉಣ್ಣು ಎನ್ನುವುದು ಸರಿಯೂ ಅಲ್ಲ.

ಎರಡನೆಯ ದಾರಿ ಸರ್ಕಾರದ್ದು. ಚೆನ್ನೈಯಲ್ಲಿ 2013ರಲ್ಲಿ ಅಮ್ಮ ಉಣವಗಂ ಒಂದು ರೂಪಾಯಿಗೆ ಇಡ್ಲಿ ಕೊಟ್ಟಿತು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಎಂದು ಬಾಗಿಲು ತೆರೆಯಿತು, ನಂತರ ಜಿಲ್ಲೆ-ತಾಲ್ಲೂಕು ಕೇಂದ್ರಗಳತ್ತಲೂ ಹಬ್ಬಿತು. ಇವನ್ನು ಹಗುರಾಗಿ ತೆಗೆಯುವವರ ಸಾಲಿಗೆ ನಾನು ಸೇರುವುದಿಲ್ಲ. ಹತ್ತು ರೂಪಾಯಿಯ ಊಟವನ್ನು ನಗೆಯಾಡುವವರು ಹಸಿದವರಲ್ಲ. ಆದರೆ ಅದರ ಆಯುಸ್ಸು ಬಜೆಟ್ಟಿನ ಒಂದು ಸಾಲಿನಲ್ಲಿದೆ. ಬಿಲ್ಲು ಪಾವತಿ ತಡವಾದರೆ ಗುತ್ತಿಗೆದಾರ ಸಾರಿಗೆ ನೀರು ಹೊಯ್ಯುತ್ತಾನೆ. ಕೇರಳದ ಪಾಠ ಇನ್ನೂ ಸ್ಪಷ್ಟ. 2020ರಲ್ಲಿ ಕುಡುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರು ಊರೂರಿಗೆ ಜನಕೀಯ ಹೋಟೆಲು ತೆರೆದು 20 ರೂಪಾಯಿಗೆ ಊಟ ಕೊಟ್ಟರು, ಪ್ರತಿ ಊಟಕ್ಕೆ 10 ರೂಪಾಯಿ ಸರ್ಕಾರ ತುಂಬುತ್ತಿತ್ತು. 2023ರ ಆಗಸ್ಟಿನಲ್ಲಿ ಆ ಹತ್ತು ರೂಪಾಯಿ ನಿಂತಿತು, ಊಟ 30 ಆಯಿತು, ಅಡುಗೆಯ ಹೆಂಗಸರು ಕಷ್ಟಕ್ಕೆ ಬಿದ್ದರು. ಅಡುಗೆ ಬಲ್ಲ ಕೈ, ಉಣ್ಣುವ ಬಾಯಿ ಎರಡೂ ಹಾಗೇ ಇದ್ದವು; ಕೈಕೊಟ್ಟದ್ದು ನಡುವಿನ ಕಂತು ಮಾತ್ರ.

ಮೂರನೆಯ ದಾರಿ ಅನ್ನದಾಸೋಹ, ಅದು ನಮ್ಮಲ್ಲಿ ಮೊದಲಿನಿಂದ ಇದೆ. ಸೋಂದೆಯ ಮಠಗಳಿಗೆ ಮಧ್ಯಾಹ್ನ ಹೋದವರು ಹಸಿದು ಮರಳುವುದಿಲ್ಲ, ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಉಣಬಡಿಸುವ ಕೈಗಳಿಗೂ ಬರವಿಲ್ಲ. ಆದರೆ ದೇವರ ಪ್ರಸಾದ ಪಂಕ್ತಿಯಲ್ಲಿ ಕೂತು ಪಡೆಯುವ ಕೃಪೆ. ದಿನಾ ಪೇಟೆಯಲ್ಲಿ ದುಡಿಯುವವನು ಅದನ್ನು ದಿನಚರಿ ಮಾಡಿಕೊಳ್ಳಲು ಹಿಂಜರಿಯುತ್ತಾನೆ, ಹಿಂಜರಿಕೆಗೆ ಜಾತಿಯ ನೆನಪುಗಳೂ ಕಾರಣವಾಗಿರುತ್ತವೆ. ದುಡ್ಡು ಕೊಟ್ಟು ಉಣ್ಣುವವನಿಗೆ ಸಾರು ಸಪ್ಪೆ ಎನ್ನುವ ಅಧಿಕಾರ ಇರುತ್ತದೆ. ಆ ಅಧಿಕಾರ ಸಣ್ಣದಲ್ಲ.

ಇನ್ನುಳಿದ ದಾರಿ ನಿಮ್ಮದೇ. ನಮಗೆ ಸಹಕಾರದ ಇತಿಹಾಸ ಹೇಳಿಕೊಡಬೇಕಾಗಿಲ್ಲ, ಆದರೂ ಲೆಕ್ಕಕ್ಕಾಗಿ ಒಮ್ಮೆ ನೋಡೋಣ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಕರ್ನಾಟಕದ ಮೊದಲ ಸಹಕಾರ ಸಂಘ ಹುಟ್ಟಿತು. 1920ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಬಂತು, ಅದರ ಪ್ರಧಾನ ಕಚೇರಿ ಇಂದಿಗೂ ಶಿರಸಿಯಲ್ಲಿದೆ. 1923ರಲ್ಲಿ ತೋಟಗಾರರ ಮಾರಾಟ ಸಂಘ ಟಿಎಸ್‌ಎಸ್ ಬಂತು. ಅಡಿಕೆ ಬೆಳೆದವನಿಗೆ ಬೆಲೆ ಹೇಳುವ ಹಕ್ಕಿಲ್ಲದೆ, ಮುಂಗಡ ಕೊಟ್ಟ ದಲಾಲಿ ಹೇಳಿದ್ದೇ ದರವಾಗಿದ್ದ ಕಾಲದಲ್ಲಿ, ಬೆಳೆಗಾರರೇ ವಖಾರಿ ಇಟ್ಟುಕೊಂಡು ಟೆಂಡರಿಗೆ ಮಾಲು ಸುರಿದದ್ದು ಆ ಸಂಘದ ಸಾಧನೆ. ಕಡವೆ ಶ್ರೀಪಾದ ಹೆಗಡೆಯವರಂಥ ಧುರೀಣರು ಅದನ್ನು ಬೆಳೆಸಿದರು. ಸಿದ್ದಾಪುರ, ಯಲ್ಲಾಪುರಗಳಲ್ಲಿ ತಾಲ್ಲೂಕು ಮಾರಾಟ ಸಂಘಗಳು, ಅಂದರೆ ಟಿಎಂಎಸ್‌ಗಳು ಬೆಳೆದವು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಅರ್ಜಿ ಹಾಕಿದ್ದು ಟಿಎಸ್‌ಎಸ್ಸೇ. ಕಿರಾಣಿ, ಗೊಬ್ಬರ, ಸೂಪರ್ ಮಾರ್ಕೆಟ್, ಕೊನೆಗೆ ಆಸ್ಪತ್ರೆಯವರೆಗೂ ಸಂಘದ ಹೆಸರು ಹೋಗಿದೆ. ಬೆಳೆದದ್ದನ್ನು ಮಾರುವಾಗ, ಮನೆಗೆ ಸಾಮಾನು ಕೊಳ್ಳುವಾಗ ನೀವು ಸಂಘಟಿತರು. ಪೇಟೆಯಲ್ಲಿ ಹಸಿದಾಗ ಮಾತ್ರ ಒಬ್ಬೊಬ್ಬರೇ.

ಊಟದ ವ್ಯವಹಾರ ಸಹಕಾರದಲ್ಲಿ ನಡೆಯುತ್ತದೆಯೇ ಎಂದು ಕೇಳುವವರಿಗೆ ಇಂಡಿಯನ್ ಕಾಫಿ ಹೌಸ್ ಉತ್ತರ. ಐವತ್ತರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟು ಕೆಲಸಗಾರರನ್ನು ಮನೆಗೆ ಕಳಿಸಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ನೋಂದಣಿಯಾದದ್ದು 1957ರ ಆಗಸ್ಟಿನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಬಡಿಸುವವನೇ ಒಡೆಯನಾದ ಆ ಸಂಸ್ಥೆ ಆರು ದಶಕ ದಾಟಿ ದೇಶದ ಎಷ್ಟೋ ಊರುಗಳಲ್ಲಿ ಬದುಕಿದೆ, ಬೆಲೆಯನ್ನು ಅಕ್ಕಪಕ್ಕದವರಿಗಿಂತ ಕೆಳಗೇ ಇಟ್ಟುಕೊಂಡಿದೆ. ಅದರ ಸೋಲಿನಲ್ಲೂ ನಮಗೆ ಬೇಕಾದ ಸಾಕ್ಷ್ಯವಿದೆ. 2009ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಗಿರಾಕಿ ಇಲ್ಲದೆ ಅಲ್ಲ, ಕಟ್ಟಡ ತನ್ನದಲ್ಲದ್ದರಿಂದ. ನಿಮಗೆ ಆ ಭಯವಿಲ್ಲ.

ಕಟ್ಟಡದ ಮಾತು ಎಷ್ಟು ಮುಖ್ಯ ಎಂಬುದನ್ನು ಅಂಕಿಗಳಲ್ಲೇ ನೋಡಿ. ಕೆಳಗಿನವು ಅಂದಾಜು ದರಗಳು. ನಿಮ್ಮ ಕಿರಾಣಿ ವಿಭಾಗದವರು ಇವುಗಳ ಜಾಗದಲ್ಲಿ ನಿಜವಾದ ಖರೀದಿ ದರ ಬರೆದು ಮತ್ತೆ ಗುಣಿಸಲಿ. ಊಟಕ್ಕೆ 50 ರೂಪಾಯಿ, ದಿನಕ್ಕೆ 300 ಊಟ ಎಂದುಕೊಳ್ಳಿ. ಬಂದ ಹಣ 15,000. ಅಕ್ಕಿ, ಬೇಳೆ, ತರಕಾರಿ, ಕಾಯಿ, ಎಣ್ಣೆ, ಮಜ್ಜಿಗೆ ಎಲ್ಲ ಸೇರಿ ಊಟಕ್ಕೆ 27 ರೂಪಾಯಿಯಂತೆ 8,100. ಗ್ಯಾಸಿಗೆ 900. ಏಳು ಜನರಿಗೆ ದಿನಕ್ಕೆ 600ರಂತೆ ಸಂಬಳ 4,200. ಒಟ್ಟು 13,200 ಹೋಗಿ 1,800 ಉಳಿಯಿತು, ಅಂದರೆ ಊಟಕ್ಕೆ ಆರು ರೂಪಾಯಿ. ಉಪಾಹಾರಗೃಹಗಳ ಮೇಲಿನ ಶೇ. 5 ಜಿಎಸ್‌ಟಿಯನ್ನು ಐವತ್ತರೊಳಗೇ ಸೇರಿಸಿದರೆ ಅದರಲ್ಲಿ ಸುಮಾರು 2 ರೂಪಾಯಿ 40 ಪೈಸೆ ಹೋಗುತ್ತದೆ. ಉಳಿದ ಮೂರೂವರೆ ರೂಪಾಯಿಯಲ್ಲಿ ವಿದ್ಯುತ್ತು, ನೀರು, ಪಾತ್ರೆಯ ಸವಕಳಿ ನಡೆಯಬೇಕು. ಬಿಗಿಯಾಗಿದೆ, ಆದರೆ ನಡೆಯುತ್ತದೆ. ಈಗ ಇದೇ ಲೆಕ್ಕಕ್ಕೆ ತಿಂಗಳಿಗೆ 60,000 ರೂಪಾಯಿ ಬಾಡಿಗೆ ಸೇರಿಸಿ. ಇಪ್ಪತ್ತೈದು ದಿನಕ್ಕೆ ಹಂಚಿದರೆ ದಿನಕ್ಕೆ 2,400, ಊಟಕ್ಕೆ ಎಂಟು ರೂಪಾಯಿ. ಕತೆ ಮುಗಿಯಿತು. ಖಾಸಗಿ ಹೋಟೆಲಿನವನು ಐವತ್ತಕ್ಕೆ ಊಟ ಕೊಡದಿರುವುದು ದುರಾಸೆಯಿಂದಲ್ಲ. ಬಾಡಿಗೆ, ಸಾಲದ ಬಡ್ಡಿ, ತಿಂಗಳ ಮೊದಲ ದಿನ ಏರಿಳಿಯುವ 19 ಕಿಲೋ ಸಿಲಿಂಡರಿನ ದರ ಇವು ಅವನ ಕೈ ಕಟ್ಟಿವೆ. ನಿಮ್ಮ ಬಳಿ ಪೇಟೆಯ ಆಯಕಟ್ಟಿನ ಜಾಗವಿದೆ, ಉಗ್ರಾಣವಿದೆ, ಸಗಟು ಖರೀದಿಯ ಬಲವಿದೆ, ಲೆಕ್ಕಪರಿಶೋಧನೆ ಮೊದಲೇ ಇದೆ. ಐವತ್ತರ ಊಟ ಬರುವುದು ಈ ನಾಲ್ಕರಿಂದ, ಸಬ್ಸಿಡಿಯಿಂದಲ್ಲ. ಆದರೆ ಖಾಲಿ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ ಆದಾಯವನ್ನು ಸಂಘ ಬಿಟ್ಟುಕೊಟ್ಟಂತೆ ಆಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಸದಸ್ಯರು ತಿಳಿದೇ ಒಪ್ಪಬೇಕಾದ ಒಂದೇ ತ್ಯಾಗ ಅದು.

ಅಡುಗೆಯ ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ಕಡೆಯ ಮನೆಯೂಟ ಹುಟ್ಟಿನಿಂದಲೇ ಮಿತವ್ಯಯದ್ದು. ಒಂದೆಲಗವೋ ದೊಡ್ಡಪತ್ರೆಯೋ ನೆಲ್ಲಿಚೆಟ್ಟೋ, ಒಂದು ಹಿಡಿ ಕಾಯಿತುರಿ, ಕಾಳುಮೆಣಸು, ಜೀರಿಗೆ, ಮಜ್ಜಿಗೆ ಇದ್ದರೆ ತಂಬುಳಿಯಾಯಿತು, ಒಲೆ ಹೆಚ್ಚು ಹೊತ್ತು ಉರಿಯಬೇಕಾಗಿಲ್ಲ. ಅಪ್ಪೆಹುಳಿಗೆ ಬೇಕಾದ್ದು ಮಾವಿನಮಿಡಿ ಮತ್ತು ಒಗ್ಗರಣೆ. ಮಳೆಗಾಲಕ್ಕೆ ಮೊಗೇಕಾಯಿ ಹುಳಿ, ಬೇಸಿಗೆಗೆ ಹಲಸಿನಕಾಯಿ ಪಲ್ಯ, ಬಾಳೆದಿಂಡಿನ ಹಸಿ. ಹೀಗಿದ್ದೂ ಪೇಟೆಯ ಹೋಟೆಲುಗಳ ಫಲಕ ನೋಡಿದರೆ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲೆಗಳ ದರ್ಬಾರು. ಅವು ಬೇಡವೆಂದಲ್ಲ, ಆದರೆ ಅವುಗಳ ಕಚ್ಚಾ ಸಾಮಗ್ರಿ ದೂರದಿಂದ ಬರುತ್ತದೆ, ಲಾರಿಯ ಬಾಡಿಗೆಯನ್ನೂ ಜೊತೆಗೆ ತರುತ್ತದೆ. ಪೂರ್ವದ ಬನವಾಸಿ ಕಡೆಯ ಅಕ್ಕಿ, ಸದಸ್ಯರದೇ ಹಿತ್ತಲಿನ ತರಕಾರಿ, ಕಾಯಿ, ಬಾಳೆಕಾಯಿ ಬಳಸಿ ದಿನಕ್ಕೊಂದೇ ಬಗೆಯ ಊಟ ಎಂದು ಗೊತ್ತುಮಾಡಿದರೆ ಪೋಲು ಕಡಿಮೆಯಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳು ಅಗ್ಗವಾಗಿ ಉಳಿದ ಗುಟ್ಟೂ ಇದೇ: ತಿಂಗಳ ಹಣ ಮೊದಲೇ ಬಂದಿರುತ್ತದೆ, ತಲೆಗಳು ಗೊತ್ತಿರುತ್ತವೆ, ಬಗೆಗಳು ಗೊತ್ತಿರುತ್ತವೆ. ಕಾಲೇಜು ಮಕ್ಕಳಿಗೂ ಹಮಾಲರಿಗೂ ಆಸ್ಪತ್ರೆಯಲ್ಲಿರುವವರಿಗೂ ಮುಂಗಡ ಚೀಟಿ ಕೊಟ್ಟರೆ ಮುನ್ನೂರರಲ್ಲಿ ಅರ್ಧ ಬೆಳಿಗ್ಗೆಯೇ ಖಾತ್ರಿಯಾಗುತ್ತದೆ. ಉಳಿದ ಅನ್ನ-ಸಿಪ್ಪೆಗಳ ವಿಚಾರಕ್ಕೆ ಶಿರಸಿಯವರು ಬೇರೆಯವರನ್ನು ಕೇಳಬೇಕಾಗಿಲ್ಲ. ಇಲ್ಲಿನ ಗೋಬರ್ ಗ್ಯಾಸ್ ಸ್ಥಾವರಗಳನ್ನು ಯಶಸ್ಸಿನ ಮಾದರಿಯೆಂದು 2001ರಲ್ಲೇ ವಿಜ್ಞಾನಿಗಳು ಬರೆದಿದ್ದಾರೆ.

ಆಕ್ಷೇಪಗಳು ಬರುತ್ತವೆ, ಬರಬೇಕು. ಸಂಘದ ಕೆಲಸ ಅಡಿಕೆ ಮಾರುವುದು, ಅನ್ನ ಮಾರುವುದಲ್ಲ ಎನ್ನುವವರಿಗೆ ನಿಮ್ಮ ಸೂಪರ್ ಮಾರ್ಕೆಟ್ಟೇ ಉತ್ತರ. ಅಲ್ಲಿ ಸೋಪು ಮಾರಬಹುದಾದರೆ ಸಾರೂ ಮಾರಬಹುದು. ಬೈಲಾದಲ್ಲಿ ಅವಕಾಶವಿಲ್ಲದಿದ್ದರೆ ಸರ್ವಸಾಧಾರಣ ಸಭೆ ತಿದ್ದುಪಡಿ ಒಪ್ಪಿ ನಿಬಂಧಕರಲ್ಲಿ ನೋಂದಾಯಿಸಬಹುದು. ಸದಸ್ಯರಲ್ಲದವರು ಯಾಕೆ ಉಣ್ಣಬೇಕು ಎಂಬ ಪ್ರಶ್ನೆ ಮನಸ್ಸಿನ ಸಣ್ಣತನದಿಂದ ಬರುವುದಾದರೂ ಉತ್ತರ ಲೆಕ್ಕದಲ್ಲೇ ಇದೆ: ಅವರು ಬಾರದಿದ್ದರೆ ದಿನಕ್ಕೆ 150 ಊಟ. ಆಗ ಕೈಗೆ 7,500 ಬಂದು, ಸಾಮಾನಿಗೆ 4,050, ಗ್ಯಾಸಿಗೆ 450, ಕನಿಷ್ಠ ಐದು ಜನರ ಸಂಬಳಕ್ಕೆ 3,000 ಹೋಗಿ ಉಳಿಯುವುದು ಸೊನ್ನೆ, ತೆರಿಗೆ ಮೇಲಿಂದ. ಹೊರಗಿನವರು ನಿಮ್ಮ ಊಟವನ್ನು ತಿನ್ನುವುದಿಲ್ಲ, ಅದನ್ನು ಅಗ್ಗ ಮಾಡುತ್ತಾರೆ.

ಪೇಟೆಯ ಹೋಟೆಲುಗಳು ಮುಳುಗುತ್ತವೆ ಎಂಬ ಮಾತನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅವುಗಳಲ್ಲಿ ಬಹಳಷ್ಟು ಒಂದೇ ಕುಟುಂಬ ಬೆಳಗಿನಿಂದ ರಾತ್ರಿಯವರೆಗೆ ಬೆವರು ಹರಿಸಿ ನಡೆಸುವಂಥವು. ಅದಕ್ಕಾಗಿಯೇ ಸಂಘದ ಮನೆ ತಿಂಡಿ, ಚಹಾ, ಕರಿದ ಪದಾರ್ಥಗಳಿಗೆ ಕೈ ಹಾಕಬಾರದು, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಒಂದೇ ಊಟ ಕೊಟ್ಟು ಬಾಗಿಲು ಹಾಕಬೇಕು. ದೋಸೆ, ಬಜ್ಜಿ, ಚಹಾ ಅವರಿಗೇ ಇರಲಿ. ಈಗ ಬನ್ನಿನಲ್ಲಿ ಮಧ್ಯಾಹ್ನ ಕಳೆಯುವವರು ಹೇಗೂ ಅವರ ಊಟದ ಗಿರಾಕಿಗಳಲ್ಲ. ಕೆಲವು ಹೋಟೆಲುಗಳಿಗೆ ಒಂದಿಷ್ಟು ಪೆಟ್ಟು ಬಿದ್ದೇ ಬೀಳುತ್ತದೆ, ಬೀಳುವುದಿಲ್ಲ ಎಂದು ನಂಬಿಸಲಾರೆ. ಸೂಪರ್ ಮಾರ್ಕೆಟ್ಟಿನ ಸುತ್ತ ಕಿರಾಣಿ ಅಂಗಡಿಗಳು ಉಳಿದುಕೊಂಡಿವೆ ಎಂಬುದಷ್ಟೇ ನನ್ನ ಭರವಸೆ.

ಇನ್ನೊಂದು ಮಾತು ಸಭೆಯಲ್ಲಿ ಯಾರೂ ಜೋರಾಗಿ ಆಡದೆ ಹೊರಗೆ ಜಗುಲಿಯಲ್ಲಿ ಆಡುವಂಥದ್ದು: ಅಡುಗೆ ಯಾರದ್ದು, ಏನಿದ್ದೀತು? ಅಡಿಕೆ ಸಂಘಗಳ ಸದಸ್ಯರಲ್ಲಿ ಹವ್ಯಕರು ಹೆಚ್ಚು. ಪೇಟೆಗೆ ಬರುವವರಲ್ಲಿ ನಾಮಧಾರಿಗಳು, ಕರಿಒಕ್ಕಲಿಗರು, ಮರಾಠಿಗರು, ಮುಸಲ್ಮಾನರು, ಯಲ್ಲಾಪುರದ ಕಡೆ ಸಿದ್ದಿಗಳು, ಗೌಳಿಗಳು ಇದ್ದಾರೆ. ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲರೂ ಉಣ್ಣುತ್ತಾರೆ, ಆದ್ದರಿಂದ ಅಲ್ಲಿಂದ ಶುರುವಾಗಲಿ. ಆದರೆ ಮೊಟ್ಟೆ ಬೇಕೆನ್ನುವವನಿಗೆ ಬೇಯಿಸಿದ ಮೊಟ್ಟೆಯನ್ನು ಪಕ್ಕದ ಕಿಟಕಿಯಲ್ಲಿ ಬೆಲೆಗೆ ಕೊಟ್ಟರೆ ಯಾರ ಮಡಿಯೂ ಕೆಡುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡುವ ಪದ್ಧತಿ ನಡೆದುಕೊಂಡು ಹೋಗುತ್ತಿದೆಯಲ್ಲ. ಅದಕ್ಕಿಂತ ಮುಖ್ಯ, ಬೇಯಿಸುವ ಮತ್ತು ಬಡಿಸುವ ಕೈಗಳನ್ನು ಜಾತಿ ನೋಡಿ ಆರಿಸಬಾರದು, ಕೂರುವ ಜಾಗ ಒಂದೇ ಇರಬೇಕು. ಈ ಷರತ್ತು ಒಪ್ಪಿಗೆಯಿಲ್ಲದಿದ್ದರೆ ಊಟದ ಮನೆಯೇ ಬೇಡ ಎನ್ನುವಷ್ಟು ಇದು ನನಗೆ ಗಟ್ಟಿ ಮಾತು.

ನಡೆಸುವವರು ಯಾರು ಎಂಬುದು ನಿಜವಾದ ಕಷ್ಟ. ಎಲ್ಲರದೂ ಆದ ಕ್ಯಾಂಟೀನು ಯಾರದೂ ಅಲ್ಲದ ಕ್ಯಾಂಟೀನಾಗಿ ಕೊಳೆಯುವುದನ್ನು ಕಚೇರಿಗಳಲ್ಲಿ ಎಲ್ಲರೂ ನೋಡಿದ್ದಾರೆ. ಸಂಬಳದ ನೌಕರರನ್ನು ಕೂರಿಸಿದರೆ ಮೂರನೇ ವರ್ಷಕ್ಕೆ ಸಾರು ತೆಳ್ಳಗಾಗುತ್ತದೆ. ನನ್ನ ಮಟ್ಟಿಗೆ ಸರಿಯೆನಿಸುವುದು, ಸಂಘ ಕಟ್ಟಡ ಮತ್ತು ಸಾಮಾನಿನ ಹೊಣೆ ಹೊರಲಿ, ಅಡುಗೆ-ಬಡಿಸುವಿಕೆಯನ್ನು ಊರಿನ ಸ್ವಸಹಾಯ ಸಂಘಗಳ ಹೆಂಗಸರ ಗುಂಪಿಗೆ ಊಟದ ಲೆಕ್ಕದಲ್ಲಿ ವಹಿಸಲಿ. ಜನಕೀಯ ಹೋಟೆಲುಗಳು ಕಷ್ಟಕ್ಕೆ ಬಿದ್ದದ್ದು ಹೆಂಗಸರ ಕೈಗುಣದಿಂದಲ್ಲ ಎಂಬುದನ್ನು ಮೇಲೆ ಹೇಳಿದ್ದೇನೆ. ನಮ್ಮ ರಾಜ್ಯ ಸರ್ಕಾರವೂ ಅಕ್ಕ ಕೆಫೆ ಹೆಸರಿನಲ್ಲಿ ಇದೇ ದಾರಿ ಹಿಡಿದಿದೆ. ಮಳೆಗಾಲ ಇನ್ನೊಂದು ಕಷ್ಟ: ಜೂನಿನಿಂದ ಆಗಸ್ಟಿನವರೆಗೆ ಜನ ಪೇಟೆಗೆ ಬರುವುದು ಕಡಿಮೆ, 300 ಎಂಬುದು ಆಗ ಕನಸು. ಆ ಮೂರು ತಿಂಗಳು ಮುಂಗಡ ಚೀಟಿಯವರಿಗೆ ಮಾತ್ರ ಬೇಯಿಸುವುದು ಒಂದು ಉಪಾಯ.

ಮೂರು ಪೇಟೆಗಳಿಗೂ ಒಂದೇ ಅಚ್ಚು ಹೊಂದುವುದಿಲ್ಲ. ಶಿರಸಿಯಲ್ಲಿ ವರ್ಷವಿಡೀ ಜನವಿದ್ದಾರೆ, ಅಲ್ಲಿ ದಿನಾ ನಡೆಯಬಹುದು. ಯಲ್ಲಾಪುರ ಅಂಕೋಲಾ-ಹುಬ್ಬಳ್ಳಿ ಹೆದ್ದಾರಿಯ ಮೇಲಿದೆ, ಅರಬೈಲ್ ಘಟ್ಟ ಹತ್ತಿ ಬಂದ ಲಾರಿ-ಕಾರುಗಳು ಅಲ್ಲಿ ನಿಲ್ಲುತ್ತವೆ. ಅಲ್ಲಿನ ಊಟದ ದರ ದಾರಿಹೋಕರ ಜೇಬು ನೋಡಿ ಗೊತ್ತಾಗುವುದರಿಂದ ಒಳಗಿನ ಹಳ್ಳಿಗಳಿಂದ ಬಂದವನಿಗೆ ಅದು ಇನ್ನೂ ದುಬಾರಿ. ಸಂಘದ ಮನೆ ಅಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ಒಳಪೇಟೆಯಲ್ಲಿರಲಿ. ಸಿದ್ದಾಪುರ ಸಣ್ಣದು. ಅಲ್ಲಿ ಸಂತೆ ಮತ್ತು ಟೆಂಡರಿನ ದಿನಗಳಲ್ಲಿ ಮಾತ್ರ ಒಲೆ ಹಚ್ಚಿದರೆ ಸಾಕು, ದಿನಾ ನಡೆಸುವ ಹಟ ಬೇಡ.

ಕೊನೆಯದಾಗಿ ಕೇಳಿಕೊಳ್ಳುವುದು ಇಷ್ಟು. ಸಭೆಯ ನೋಟಿಸು ಬರುವ ಮೊದಲೇ ವಿಷಯಪಟ್ಟಿಗೆ ಸೇರಿಸುವಂತೆ ನಾಲ್ಕಾರು ಸದಸ್ಯರು ಕೂಡಿ ಬರೆದುಕೊಡಿ. ಸಂಘದ ಯಾವ ಕಟ್ಟಡದ ಯಾವ ಭಾಗ ಬಳಕೆಯಿಲ್ಲದೆ ಬಿದ್ದಿದೆ, ಅಕ್ಕಿ-ಬೇಳೆಯ ಸಗಟು ದರ ಎಷ್ಟು ಎಂಬ ಎರಡು ಮಾಹಿತಿಯನ್ನು ಆಡಳಿತ ಮಂಡಳಿಯಿಂದ ಸಭೆಯಲ್ಲೇ ಕೇಳಿ ಪಡೆಯಿರಿ. ಕೊಯ್ಲು, ಸುಲಿತ, ಮಾರಾಟಗಳ ಭರಾಟೆ ನಡೆಯುವ ನವೆಂಬರಿನಿಂದ ಏಪ್ರಿಲ್‌ವರೆಗೆ, ಶಿರಸಿಯಲ್ಲಿ ಮಾತ್ರ, ಆರು ತಿಂಗಳ ಪ್ರಯೋಗಕ್ಕೆ ಒಪ್ಪಿಗೆ ಕೊಡಿ. ತಿಂಗಳು ತಿಂಗಳು ಎಷ್ಟು ಊಟ ಹೋಯಿತು, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಊಟದ ಮನೆಯ ಗೋಡೆಗೇ ಅಂಟಿಸುವ ಷರತ್ತು ಹಾಕಿ. ಲೆಕ್ಕ ಕೂಡದಿದ್ದರೆ ಮೇ ತಿಂಗಳಲ್ಲಿ ಮುಚ್ಚಿ, ಪಾತ್ರೆಗಳನ್ನು ಹರಾಜು ಹಾಕಿ. ಕೂಡಿದರೆ ಯಲ್ಲಾಪುರದವರೂ ಸಿದ್ದಾಪುರದವರೂ ಆ ಗೋಡೆಯ ಕಾಗದವನ್ನು ನಕಲು ಮಾಡಿಕೊಂಡು ತಮ್ಮ ಸಭೆಗೆ ಹೋಗಲಿ.

ಇಂತಿ ನಿಮ್ಮ ವಿಶ್ವಾಸಿ.